ಪುಸ್ತಕವಿಲ್ಲದೆ ನುಡಿಸಿದ ಸೊನಾಟಾ

ಅಬುಧಾಬಿಯ ಸಭಾಂಗಣದ ಹಿಂಕೋಣೆಯಲ್ಲಿ ಪಿಯಾನೊ ಕಲಾವಿದೆ ಓಡಿಲ್ ಗಾರ್ನಿಯೆ ಬಿಸಿನೀರಿನ ಬಟ್ಟಲಿಗೆ ಎರಡೂ ಕೈ ಇಳಿಬಿಟ್ಟು ಕುಳಿತಿದ್ದಳು. ವಯಸ್ಸು ಅರವತ್ತೆಂಟು. ಬೆರಳುಗಳಲ್ಲಿ ದೋಷವಿರಲಿಲ್ಲ. ದೋಷವಿದ್ದದ್ದು ನೆನಪಿನಲ್ಲಿ.

ಅದು ಆಕೆಯನ್ನು ಬಿಟ್ಟರೆ ಎವ್ಲಿನ್ ಒಬ್ಬಳಿಗೆ ಮಾತ್ರ ಗೊತ್ತಿತ್ತು. ಮಂಗಳೂರಿನ ಎವ್ಲಿನ್ ದುಬೈಯ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕಿದ್ದಳು. ಇಗರ್ಜಿಯ ಕೊಂಕಣಿ ಪೂಜೆಗೆ ಆರ್ಗನ್ ಬಾರಿಸುತ್ತಿದ್ದಳು. ಅಲ್ಲಿನ ಬಡಾವಣೆ ಸಿಲಿಕಾನ್ ಓಯಸಿಸ್‌ನಲ್ಲಿ ಇಬ್ಬರದೂ ಒಂದೇ ಕಟ್ಟಡ. ಕೆಲವು ವರ್ಷಗಳಿಂದ ಓಡಿಲ್‌ಳ ಶಿಷ್ಯೆ.

"ಮದಾಮ್, ಈಗಲೂ ಹೊತ್ತು ಮೀರಲಿಲ್ಲ. ಸ್ವರದ ಪುಸ್ತಕ ತಂದಿದ್ದೇನೆ. ಪಕ್ಕದಲ್ಲಿ ಕೂತು ಪುಟ ತಿರುಗಿಸ್ತೇನೆ. ಯಾರೇನು ಹೇಳ್ತಾರೆ?" ಎಂದಳು ಪಕ್ಕದಲ್ಲೇ ನಿಂತಿದ್ದ ಎವ್ಲಿನ್.

"ಯಾರೂ ಏನೂ ಹೇಳುವುದಿಲ್ಲ. ನೋಡುತ್ತಾರೆ."

"ನೋಡ್ಲಿಯಪ್ಪ! ಪುಸ್ತಕ ಇಲ್ಲದೆ ಬಾರಿಸಿದ್ರೆ ನಮ್ಮ ಪಾದ್ರಿಗಳು ಬೈತಾರೆ, ಗೊತ್ತುಂಟಾ?"

"ನಿಮ್ಮ ಪಾದ್ರಿಗಳು ದೇವರಿಗೆ ಹೆದರುವವರು. ನನಗೆ ಕಲಿಸಿದಾಕೆ ದೇವರಿಗೂ ಹೆದರಿದವಳಲ್ಲ."

ಒಂಟಿಯಾಗಿ ನುಡಿಸುವ ಪಿಯಾನೊ ಕಲಾವಿದರು ಪುಸ್ತಕವಿಲ್ಲದೆ ವೇದಿಕೆ ಹತ್ತಬೇಕೆಂಬುದು ಆ ವೃತ್ತಿಯ ಕಟ್ಟಳೆ. ಬರೆದಿಟ್ಟ ಕಾನೂನಲ್ಲ, ಆದ್ದರಿಂದಲೇ ಅದರ ಮೇಲೆ ಮೇಲ್ಮನವಿಯೂ ಇಲ್ಲ. ಲಿಯಾನ್ ಸಮೀಪದ ಹಳ್ಳಿಯಲ್ಲಿ ರೈಲ್ವೆ ಗೇಟು ಕಾಯುವವನ ಮಗಳಾಗಿ ಹುಟ್ಟಿದ ಓಡಿಲ್‌ಗೆ ಆ ಕಟ್ಟಳೆ ಅನ್ನದೊಡನೆ ಮೈಗೂಡಿತ್ತು. ಪಾಠ ಮುಗಿದ ಮರುದಿನವೇ ಗುರುವು ಪುಸ್ತಕ ಕಿತ್ತುಕೊಳ್ಳುತ್ತಿದ್ದಳು. ಹತ್ತೊಂಬತ್ತಕ್ಕೆ ಪ್ಯಾರಿಸ್‌ನಲ್ಲಿ ಬಹುಮಾನ. ಆಮೇಲೆ ಮೂವತ್ತು ವರ್ಷ ಯುರೋಪಿನ ಸಭಾಂಗಣಗಳು. ಗಂಡನ ನೌಕರಿಯ ಬೆನ್ನುಹಿಡಿದು ದುಬೈಗೆ ಬಂದಳು. ಗಂಡ ತೀರಿಕೊಂಡ, ಆಕೆ ಉಳಿದಳು. ಕರೆಗಳು ಕಡಿಮೆಯಾದವು. ಮಕ್ಕಳಿಗೆ ಪಾಠ ಹೇಳುವ ಕೆಲಸ ಹೆಚ್ಚಿತು.

ಕಳೆದ ಚಳಿಗಾಲದ ಒಂದು ಬೆಳಗ್ಗೆ, ಎವ್ಲಿನ್ ಎದುರಿಗೇ, ನಲವತ್ತು ವರ್ಷ ನುಡಿಸಿದ್ದ ಸೊನಾಟಾದಲ್ಲಿ, ಆ ದೀರ್ಘ ಪಿಯಾನೊ ಕೃತಿಯಲ್ಲಿ, ಓಡಿಲ್‌ಗೆ ದಾರಿ ತಪ್ಪಿತು. ಅದರಲ್ಲಿ ಒಂದು ಸಾಲು ಎರಡು ಕಡೆ ಬರುತ್ತದೆ, ದಾರಿಯ ಕವಲಿನ ಹಾಗೆ. ಮೊದಲ ಸಲ ಎಡಗೈಯ ಕಿರುಬೆರಳು ಒಂದು ಸ್ವರ ಕೆಳಗಿಳಿಯಬೇಕು. ಆಗ ಕೃತಿ ಬಂದ ದಾರಿಯಲ್ಲೇ ಇನ್ನೊಂದು ಸುತ್ತು ಬರುತ್ತದೆ. ಎರಡನೆಯ ಸಲ ಇಳಿಯದೆ ನಿಲ್ಲಬೇಕು. ಆಗ ಮಾತ್ರ ಮುಕ್ತಾಯದ ದಾರಿ ತೆರೆಯುತ್ತದೆ. ಆ ಬೆಳಗ್ಗೆ ಬೆರಳು ನಿಲ್ಲಲಿಲ್ಲ.

ಅಂದೇ ಓಡಿಲ್ ನಿಶ್ಚಯಿಸಿದ್ದಳು. ಅಬುಧಾಬಿಯಲ್ಲಿ ಈ ಸೊನಾಟಾವನ್ನು ಪುಸ್ತಕವಿಲ್ಲದೆ ದಡ ಮುಟ್ಟಿಸಿದರೆ, ಸಂಘಟಕ ಯಾಕೂಬ್ ಕೇಳುತ್ತಿದ್ದ ಮುಂದಿನ ವರ್ಷದ ಕಛೇರಿಗಳಿಗೆ ಒಪ್ಪಿಗೆ. ಇಲ್ಲವಾದರೆ ಇನ್ನು ವೇದಿಕೆಯಿಲ್ಲ.

ಬಾಗಿಲು ತಟ್ಟಿದ ಯಾಕೂಬ್ ಉಡುಪಿ ಕಡೆಯ ಬ್ಯಾರಿ. ಸದಾ ಅವಸರದ ಮನುಷ್ಯ. "ಯಲ್ಲಾ ಮದಾಮ್, ಹೊರಡಿ, ಸೀಟೆಲ್ಲ ಭರ್ತಿ!"

ಓಡಿಲ್ ಕೈ ಒರೆಸಿಕೊಂಡು ಎದ್ದಳು. ಎವ್ಲಿನ್ ಪುಸ್ತಕವನ್ನು ಎದೆಗೊತ್ತಿಕೊಂಡು ಸಭೆಯ ಮುಂದಿನ ಸಾಲಿಗೆ ಹೋದಳು.

ಆರಂಭ ಚೆನ್ನಾಗಿತ್ತು, ಚೆನ್ನಾಗಿರಬೇಕಾದುದಕ್ಕಿಂತಲೂ ಚೆನ್ನಾಗಿತ್ತು. ಕೈಗಳು ತಮ್ಮಷ್ಟಕ್ಕೆ ನಡೆದವು. ಓಡಿಲ್ ಅವುಗಳ ಹಿಂದೆ ಹೊರಟಳು. ಮೊದಲ ಕವಲನ್ನು ಸರಿಯಾಗಿ ದಾಟಿದಳು. ಎರಡನೆಯದು ಬರುತ್ತಿರುವುದು ತಿಳಿಯಿತು. ನಿಲ್ಲು, ಎಂದುಕೊಂಡಳು. ಬೆರಳು ಇಳಿಯಿತು.

ಬಂದ ದಾರಿಯನ್ನೇ ಮತ್ತೆ ಸವೆಸಬೇಕಾಯಿತು. ಸಭೆ ಮಿಸುಕಲಿಲ್ಲ. ಎವ್ಲಿನ್ ಮಾತ್ರ ತಲೆ ತಗ್ಗಿಸಿದಳು. ಮತ್ತೆ ಕವಲು ಬಂತು. ಈ ಬಾರಿ ಯಾವುದು ಸರಿ ಎಂಬುದೇ ಓಡಿಲ್‌ಗೆ ಹೊಳೆಯಲಿಲ್ಲ, ಇಳಿಯುವುದೋ, ನಿಲ್ಲುವುದೋ? ಬೆರಳು ಪುನಃ ಇಳಿಯಿತು. ಗಾಣದ ಎತ್ತು ಸುತ್ತುವಂತೆ ಸುತ್ತಿದಳು. ಕೊನೆಗೆ ಕವಲು ಇನ್ನೂ ದೂರವಿರುವಾಗಲೇ ಎರಡೂ ಕೈ ಎತ್ತಿ, ಕೃತಿಯ ಕಟ್ಟಕಡೆಯ ಸ್ವರಗುಚ್ಛವನ್ನು ಬಲವಾಗಿ ಒತ್ತಿದಳು. ನಡುವಿನದೆಲ್ಲ ಬಿಟ್ಟುಹೋಯಿತು.

ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು.

ಹೊರಗೆ ಇನ್ನೂ ಬಿಸಿಲಿತ್ತು. ದುಬೈಗೆ ಕಾರು ಓಡಿಸಿದವನು ಎವ್ಲಿನ್‌ಳ ಗಂಡ ಕ್ಲೈವ್. ಹೋಟೆಲಿನಲ್ಲಿ ಅತಿಥಿಗಳನ್ನು ಎದುರುಗೊಳ್ಳುವ ನೌಕರಿ, ಮಾತಿಗೆ ಬರವಿಲ್ಲ.

"ನಿಜ ಹೇಳ್ತೇನೆ ಮದಾಮ್, ಈ ಕ್ಲಾಸಿಕಲ್ ಅಂದ್ರೆ ನನಗೆ ನಿದ್ರೆ. ಇವತ್ತು ಮಾತ್ರ ಕಣ್ಣು ಮುಚ್ಚಲಿಲ್ಲ. ಆ ಒಂದು ಟ್ಯೂನ್ ಉಂಟಲ್ಲ, ಪುನಃ ಪುನಃ ಬಂತಲ್ಲ, ಭಾರೀ ಲಾಯ್ಕ್! ನನಗೀಗ ಬಾಯಿಪಾಠ."

"ಕ್ಲೈವ್, ರೋಡ್ ನೋಡಿ," ಎಂದಳು ಎವ್ಲಿನ್.

"ನೋಡ್ತಾನೇ ಇದ್ದೇನೆ ಮಾರಾಯ್ತಿ. ಹೊಗಳಿದ್ರೂ ತಪ್ಪಾ?"

"ಎಲ್ಲಿ, ಕೇಳೋಣ," ಎಂದಳು ಓಡಿಲ್.

ಕ್ಲೈವ್ ಶಿಳ್ಳೆ ಹಾಕಿದ. ಸ್ವರ ಶುದ್ಧವಾಗಿತ್ತು. ಕವಲಿನವರೆಗೆ ಬಂದು, ತಡೆಯಿಲ್ಲದೆ, ಕೆಳಗಿಳಿದ.

"ಆಮೇಲೆ?"

"ಆಮೇಲೆ ಮತ್ತೆ ಮೊದಲಿಂದ. ಹಾಗೇ ಅಲ್ವಾ ಮದಾಮ್?"

ಕ್ಲೈವ್‌ನಂತೆಯೇ ಸಭೆಯಲ್ಲಿದ್ದವರು ಆ ಸೊನಾಟಾ ಹಾಗೆಯೇ ಇದೆಯೆಂದು ನಂಬಿ ಮನೆ ಸೇರುತ್ತಿದ್ದರು. ಅವಮಾನವಾಗಿದ್ದರೆ ಓಡಿಲ್ ಸಹಿಸುತ್ತಿದ್ದಳೇನೋ. ಇದು ಅವಮಾನವೂ ಅಲ್ಲ. ಕೃತಿಯ ಮುಕ್ತಾಯದ ದಾರಿಯನ್ನೇ ಕತ್ತರಿಸಿ ಅವರ ಕೈಗೆ ಕೊಟ್ಟಂತಾಗಿತ್ತು.

ಎವ್ಲಿನ್ ಮುಂದಿನ ಸೀಟಿನಿಂದ ಹಿಂದಕ್ಕೆ ತಿರುಗಿ ಆಕೆಯ ಕೈ ಹಿಡಿದಳು. "ಯಾರಿಗೂ ಗೊತ್ತಾಗಲಿಲ್ಲ ಮದಾಮ್. ಮುಂದಿನ ಸಲ ಪುಸ್ತಕ ಇಡುವ. ದಮ್ಮಯ್ಯ."

"ಗೊತ್ತಾಗಿದ್ದರೆ ಒಳ್ಳೆಯದಿತ್ತು," ಎಂದು ಓಡಿಲ್ ಕೈ ಬಿಡಿಸಿಕೊಂಡು ಯಾಕೂಬನಿಗೆ ಫೋನ್ ಮಾಡಿದಳು.

ಆತ ಆಕೆಯನ್ನು ಮಾತಾಡಲು ಬಿಡದೆ ಹೊಗಳಿದ. ಆತನ ಮಾತು ತೀರುವವರೆಗೂ ಆಕೆ ಕಾದಳು.

"ಮುಂದಿನ ವರ್ಷಕ್ಕೆ ಬೇರೆಯವರನ್ನು ನೋಡಿ."

"ಯಾಕೆ ಮದಾಮ್? ಹಾಲ್ ಸಣ್ಣದಾಯ್ತಾ? ದೊಡ್ಡದು ಮಾಡಿಸ್ತೇನೆ!"

"ಹಾಲ್ ಸರಿಯಾಗಿತ್ತು, ಯಾಕೂಬ್. ನಾನು ಇನ್ನು ನುಡಿಸುವುದಿಲ್ಲ."

ಕ್ಲೈವ್ ಓರೆಗಣ್ಣಿನಲ್ಲಿ ಹೆಂಡತಿಯ ಮುಖ ನೋಡಿದ. ತನ್ನಿಂದ ಏನು ತಪ್ಪಾಯಿತೆಂದು ಅವನಿಗೆ ಅರ್ಥವಾಗಲಿಲ್ಲ. ದುಬೈಯ ಹೊರವಲಯದ ಜೆಬೆಲ್ ಅಲಿ ದಾಟುವಾಗ ಎವ್ಲಿನ್ ಮಡಿಲಲ್ಲಿದ್ದ ಪುಸ್ತಕವನ್ನು ಚೀಲಕ್ಕೆ ಹಾಕಿದಳು.