ಕೌದಿ ಹೊದ್ದ ಕಂಪ್ಯೂಟರ್

ನನ್ನ ಅತ್ತೆ ಅಂಬಾಬಾಯಿ ಕಂಪ್ಯೂಟರಿಗೆ ಕೌದಿ ಹೊದಿಸಿದ್ದಾರೆ ಎಂದರೆ ಕೇಳಿದವರು ನಗುತ್ತಿದ್ದರು. ನನಗೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು. ಏಪ್ರಿಲ್ ತಿಂಗಳ ಪುಣೆಯ ಬಿಸಿಲಲ್ಲಿ ಮನುಷ್ಯರೇ ಒಂದು ಚಾದರ ಹೊದೆಯುವುದಿಲ್ಲ. ಆದರೆ ಆ ಕೌದಿ ಹೊಲಿದದ್ದು ನನ್ನ ಗಂಡ ಬಾಬು ತೊಟ್ಟು ಬಿಟ್ಟ ಅಂಗಿಗಳಿಂದ. ಅವರು ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ.

ಅವರು ಮದುವೆಯ ವಿಡಿಯೊಗಳನ್ನು ಎಡಿಟ್ ಮಾಡುತ್ತಿದ್ದರು. ಮಾರ್ಕೆಟ್ ಯಾರ್ಡ್ ಹತ್ತಿರದ ನಮ್ಮ ಒಂದೇ ಕೋಣೆಯ ಮನೆಯಲ್ಲಿ ಕಿಟಕಿ ಪಕ್ಕದ ಮೇಜು ಅವರದು. ಪಕ್ಕದಲ್ಲಿ ಕುಳಿತು ನೋಡಿ ನೋಡಿ ನಾನೂ ಅಷ್ಟಿಷ್ಟು ಕಲಿತಿದ್ದೆ. ಅವರು ಹೋದ ಮೇಲೆ ಸ್ಟುಡಿಯೊದ ಕೇದಾರ ಅದನ್ನೇ ನಂಬಿ ನನಗೆ ಕೆಲಸ ಕೊಡತೊಡಗಿದ. ಅತ್ತೆ-ಸೊಸೆ ಇಬ್ಬರ ಹೊಟ್ಟೆ ತುಂಬುತ್ತಿದ್ದುದು ಆ ಒಂದು ಕಂಪ್ಯೂಟರ್ ಪೆಟ್ಟಿಗೆಯಿಂದ.

“ಅತ್ತಿ, ಇದಕ್ಕ ಗಾಳಿ ಬೇಕ್ರಿ. ಕೌದಿ ತಗೀರಿ,” ಎಂದು ಎಷ್ಟು ಸಲ ಹೇಳಿದ್ದೆನೋ.

“ಧೂಳ ಕುಂದ್ರತದ ಅಂತ ಹಾಕೀನವ್ವಾ.”

ಸುಳ್ಳು. ನಾನು ಒಲೆಯ ಕಡೆ ಎದ್ದ ಕೂಡಲೇ ಅವರು ಪೆಟ್ಟಿಗೆಯ ಪಕ್ಕ ಕುಳಿತು, ಕೌದಿಯೊಳಗೆ ಕೈ ತೂರಿಸಿ, ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಒಮ್ಮೆ ಕೇಳಿದ್ದಕ್ಕೆ, “ಬೆಚ್ಚಗ ಅದ ಶಿವಕಾಂತಾ. ನಮ್ಮ ಬಾಬು ಈಗರೆ ಎದ್ದು ಹೋದಂಗ ಅನಸ್ತದ,” ಎಂದಿದ್ದರು. ನಾನು ಅನ್ನ ಬಸಿಯಲು ಹೋಗಿದ್ದೆ.

ಆಸ್ಪತ್ರೆಯಲ್ಲಿ ಮಗನ ಪಾದ ಮುಟ್ಟಿ, “ತಣ್ಣಗ ಆಗ್ಯಾನ,” ಎಂದವರೂ ಅವರೇ. ನಾನು ಮುಟ್ಟಲಿಲ್ಲ. ಸಹಿ ಹಾಕುವುದಿತ್ತು, ಗಾಡಿಯವನ ಜೊತೆ ಜಗಳವಾಡುವುದಿತ್ತು, ನಮ್ಮೂರು ಯಾದಗಿರಿಗೆ ಫೋನ್ ಮಾಡುವುದಿತ್ತು. ಮನೆಗೆ ತಂದ ಮೇಲೆ ಹೆಂಗಸರು ಸುತ್ತುಗಟ್ಟಿ ಕುಳಿತರು, ನನ್ನ ಕೈ ಗಂಡನ ತನಕ ಹೋಗಲೇ ಇಲ್ಲ. ಅಳಲೂ ಇಲ್ಲ. ಎದೆ ಗಟ್ಟಿ ಇವಳದು ಎಂದು ಆಡಿಕೊಂಡರು. ಆಡಿಕೊಳ್ಳಲಿ, ಅವರ ಬಾಯಿಗೆ ಬೀಗ ಹಾಕಲು ನನಗೆಲ್ಲಿ ಪುರುಸೊತ್ತು.

ಆ ಏಪ್ರಿಲಿನಲ್ಲೇ ಒಂದು ದಿನ ಸಂಜೆಯೊಳಗೆ ಒಂದು ಮದುವೆಯ ವಿಡಿಯೊ ಮುಗಿಸಿ ಕೊಡಬೇಕಿತ್ತು. ತಪ್ಪಿದರೆ ಕೆಲಸ ಬೇರೆಯವರ ಪಾಲು. ಅರ್ಧಕ್ಕೆ ಬಂದದ್ದೇ ಪರದೆ ಕಪ್ಪಾಯಿತು. ಮತ್ತೆ ಚಾಲೂ ಮಾಡಿದೆ, ಮತ್ತೆ ಕಪ್ಪು. ನನ್ನ ತಾಳ್ಮೆ ಕೆಟ್ಟಿತು. ಕೌದಿಯನ್ನು ಎಳೆದು ನೆಲಕ್ಕೆ ಎಸೆದೆ.

“ಹೋದವರು ಪೆಟ್ಟಿಗ್ಯಾಗ ಇರಂಗಿಲ್ಲ, ಅತ್ತಿ.”

ಅವರು ಕೌದಿಯನ್ನು ಎತ್ತಿ, ಝಾಡಿಸಿ, ಮಡಿಚಿ ತೊಡೆಯ ಮೇಲಿಟ್ಟುಕೊಂಡರು.

ಫೋನ್ ಮಾಡಿದ್ದಕ್ಕೆ ಕೇದಾರ ಧೂಳು ಊದುವ ಬ್ಲೋವರ್ ಹಿಡಿದುಕೊಂಡೇ ಬಂದ. ಪೆಟ್ಟಿಗೆಯನ್ನು ಬಾಗಿಲ ಹೊರಗಿನ ಗ್ಯಾಲರಿಗೆ ಒಯ್ದು ಬಿಚ್ಚಿದ. ಫ್ಯಾನಿನ ರೆಕ್ಕೆಗಳ ಮೇಲೆ ಧೂಳು ಗಟ್ಟಿಯಾಗಿ ಕೂತಿತ್ತು. ಗಾಳಿ ಬಿಟ್ಟಾಗ ಅದರ ಜೊತೆ ಹಳದಿ ಪುಡಿಯೂ ಎದ್ದಿತು. ಜೇಜುರಿಗೆ ಹೋಗಿ ಬಂದಾಗಲೆಲ್ಲ ನನ್ನ ಗಂಡ, ಅನ್ನ ಕೊಡುವ ಮಶೀನು ಎಂದು, ಅದರ ಮೇಲೂ ಖಂಡೋಬ ದೇವರ ಭಂಡಾರ ಒಂದು ಚಿಟಿಕೆ ಹಾಕುತ್ತಿದ್ದರು. ಅವರ ಬೆರಳಿನಿಂದ ಬಿದ್ದ ಆ ಅರಿಸಿನ ಕೆಳಗಿನ ರಸ್ತೆಯ ಕಡೆ ಹಾರಿ ಹೋಯಿತು. ಅತ್ತೆ ಕೈ ಚಾಚಿದರು, ಸಿಗಲಿಲ್ಲ.

ಕೇದಾರ ಒಳಗೆ ಬಿಸಿ ಎಳೆಯುವ ಹೊಸ ಪೇಸ್ಟ್ ಹಚ್ಚಿ, ಫ್ಯಾನ್ ಬದಲಿಸಿ, ಪೆಟ್ಟಿಗೆಯನ್ನು ಗೋಡೆಯಿಂದ ಈಚೆಗೆ ಸರಿಸಿಟ್ಟ. ಇನ್ನು ಬಿಸಿಯಾಗುವುದಿಲ್ಲ ಅತ್ತಿಗೆ ಎಂದು ಮರಾಠಿಯಲ್ಲಿ ಹೇಳಿ ಹೋದ.

ಬಿಸಿಯಾಗಲಿಲ್ಲ. ವಿಡಿಯೊ ಒಂದೇ ಸಲಕ್ಕೆ ಮುಗಿಯಿತು, ಕಳಿಸಿಯೂ ಆಯಿತು. ಆಗ ಅತ್ತೆ ಎದ್ದು ಬಂದು ಪೆಟ್ಟಿಗೆಯ ಮೇಲೆ ಅಂಗೈ ಇಟ್ಟರು. ಸ್ವಲ್ಪ ಹೊತ್ತು ಕಾದರು. ಪಕ್ಕಕ್ಕೆ ಮುಟ್ಟಿದರು, ಹಿಂದಕ್ಕೆ ಮುಟ್ಟಿದರು.

“ತಣ್ಣಗ ಆಗ್ಯದ,” ಎಂದರು. ಆಸ್ಪತ್ರೆಯಲ್ಲಿ ಕೇಳಿದ ಅದೇ ದನಿ. ಆಮೇಲೆ, ನನಗೆ ಬೇಜಾರಾದೀತೆಂದು, “ಚಲೋ ಆತ್ ಬಿಡು. ನಿನ್ನ ಕೆಲಸ ಆತಲ್ಲ,” ಎಂದರು.

ಅವರು ಕೈ ತೆಗೆದ ಜಾಗದಲ್ಲಿ ನಾನು ಕೈ ಇಟ್ಟೆ. ತಗಡು ತಣ್ಣಗಿತ್ತು. ನನ್ನ ಗಂಡ ಸತ್ತಿದ್ದಾರೆ ಎಂಬುದು ನನ್ನ ಕೈಗೆ ಗೊತ್ತಾದದ್ದು ಆಗ. ಅಷ್ಟು ತಿಂಗಳು ತಡೆದ ಅಳು ಒಮ್ಮೆಲೇ ಬಂತು. ಮೇಜಿಗೆ ತಲೆಯಿಟ್ಟು, ಅಕ್ಕಪಕ್ಕದವರಿಗೆ ಕೇಳುವಂತೆ ಅತ್ತುಬಿಟ್ಟೆ.

ಅಂಬಾಬಾಯಿ ಕೌದಿಯ ಮಡಿಕೆ ಬಿಚ್ಚಿ ನನ್ನ ಬೆನ್ನಿಗೆ ಹೊದಿಸಿದರು. ಸೆಕೆಗೆ ಮೈಯೆಲ್ಲ ಬೆವರುತ್ತಿತ್ತು. ತೆಗೀರಿ ಎಂದು ನಾನು ಹೇಳಲಿಲ್ಲ.