ಜೂನ್ ಒಂದರಂದು ಹುಟ್ಟಿದವರು

ಟಿಣ್ ಎಂದಿತು ಗೇಟಿನ ಸಾಲಿನಲ್ಲಿ ಒಂದು ಮೊಬೈಲು, ಅದರ ಹಿಂದಿನದು, ಆಮೇಲೆ ಬಿಸಿ ಎಣ್ಣೆಗೆ ಸಾಸಿವೆ ಬಿದ್ದ ಹಾಗೆ ಕಡೇಚೂರಿನ ಈ ಕಾರ್ಖಾನೆಯ ಮುಂದೆಲ್ಲ ಟಿಣ್ ಟಿಣ್ — ಇಷ್ಟು ಯಾಕೆ, ಒಂದೇ ಇಮೇಲ್ ಹೋಗಬೇಕಿತ್ತು, ಪ್ರಯೋಗಾಲಯದ ಶಿವಾನಿಗೆ, ಇವತ್ತು ಅವಳ ಹುಟ್ಟುಹಬ್ಬ, ಇವತ್ತೇ ಇಲ್ಲಿ ಅವಳ ಕೊನೆಯ ದಿನ, ನಾಳೆಯಿಂದ ಹೈದರಾಬಾದು. ಆಫೀಸಿನ ಕಂಪ್ಯೂಟರಿನಲ್ಲಿ ನಾನು ಬರೆದಿಟ್ಟ ಪ್ರೋಗ್ರಾಮು ಬಡಪಾಯಿ, ದಿನಾ ಬೆಳಿಗ್ಗೆ ಇವತ್ತು ಯಾರು ಹುಟ್ಟಿದ್ದು ಎಂದು ನೋಡುತ್ತದೆ, ಶುಭಾಶಯದ ಇಮೇಲ್ ಕಳಿಸುತ್ತದೆ, ಸುಮ್ಮನಾಗುತ್ತದೆ. ಮ್ಯಾನೇಜರರ ಪರವಾಗಿ ಸಂತೋಷಪಡುವ ಕೆಲಸ ಅದರದು. ನಿನ್ನೆ ಅದಕ್ಕೆ ಒಂದು ಸಾಲು ಹೆಚ್ಚಿಗೆ ಕಲಿಸಿದೆ — ತಾರೀಖು ಜೂನ್ ಒಂದಾದರೆ ಇದನ್ನೂ ಸೇರಿಸು: ನೀವೂ ಒಬ್ಬರೇ ಉಣ್ಣುತ್ತೀರಿ, ನಾನೂ ಒಬ್ಬನೇ, ಮಧ್ಯಾಹ್ನ ಬೇವಿನ ಮರದ ಕೆಳಗೆ ಕೂಡಿ ಉಣ್ಣೋಣವೇ, ಇಂತಿ ಶರಣಕುಮಾರ. ಬಾಯಲ್ಲಿ ಹೇಳಬಹುದಿತ್ತು, ಯಾದಗಿರಿಯಿಂದ ಇಬ್ಬರದೂ ಒಂದೇ ಬಸ್ಸು, ಎಷ್ಟು ಸಲ ಸೀಟು ಬಿಟ್ಟುಕೊಟ್ಟೆ, ಒಂದು ಸಲವೂ ಮಾತಾಡಲಿಲ್ಲ. ಈಗ ನೌಕರರ ಪಟ್ಟಿ ತೆರೆದರೆ ಏಜಾಜ ಜೂನ್ ಒಂದು, ದುರಗಮ್ಮ ಜೂನ್ ಒಂದು, ಸಾಬಣ್ಣ ಜೂನ್ ಒಂದು, ಅರ್ಧ ಕಾರ್ಖಾನೆ ಒಂದೇ ದಿನ ಹುಟ್ಟಿದೆ — ಎಲ್ಲ ಊರಿನ ಮಾಸ್ತರರಂತೆ ಸಗರದ ಶಾಲೆಯಲ್ಲಿ ನನ್ನ ಅಪ್ಪ, ಭೀಮರಾಯ ಮಾಸ್ತರು, ಹೆಸರು ಹಚ್ಚಲು ಬಂದ ತಾಯಂದಿರಿಗೆ, ಕೂಸು ಯಾವಾಗ ಹುಟ್ಯಾದಬೇ, ತೊಗರಿ ರಾಶಿ ಟೈಮಿಗ್ರಿ ಸರ, ಆತು, ಜೂನ್ ಒಂದು ಅಂತ ಬರಕೊಂಡೆ, ಮುಂದಿನಾಕಿ ಬಾ. ಮಾಸ್ತರ ಮಗನಿಗೆ ಮಾತ್ರ ನಿಜವಾದ ತಾರೀಖು, ಎಲ್ಲರಿಗೂ ಅಂಥದೊಂದು ಇರುತ್ತದೆ ಎಂದು ನಂಬಿ ಬೆಳೆದ ಗೂಬೆ ನಾನು.

ಊಟದ ಗಂಟೆ, ಬೇವಿನ ಕೆಳಗೆ ಕಾಲಿಡಲು ಜಾಗವಿಲ್ಲ, ಏನ್ ಶರಣು ಸರ, ಊಟಕ್ಕ ಕರದು ರೊಟ್ಟಿ ನಾವೇ ತರಬೇಕೇನ್ರಿ, ಸಾಬಣ್ಣ ನಗುತ್ತಾನೆ, ದುರಗಮ್ಮ ನನ್ನ ರೊಟ್ಟಿಗೆ ಶೇಂಗಾ ಹಿಂಡಿ ಸುರಿಯುತ್ತಾಳೆ, ನಮ್ಮ ಮನ್ಯಾಗ ಸಂತಿ ಇದ್ದಂಗ ಮಂದಿ ಅದಾರ, ನಾ ಎಲ್ಲಿ ಒಬ್ಬಾಕಿ ಉಣ್ಲೋ ಯಪ್ಪಾ, ಕರದಿ ಅಂತ ಬಂದೀನಿ — ಅಗೋ ಶಿವಾನಿ, ಬರುತ್ತಿದ್ದಾಳೆ, ನಿಜವಾಗಿ ಬರುತ್ತಿದ್ದಾಳೆ, ನನ್ನೊಬ್ಬನನ್ನೇ ನೋಡುತ್ತ, ನಡೆಯುತ್ತಲೇ ಡಬ್ಬಿಯ ಮುಚ್ಚಳ ಅರ್ಧ ತೆರೆದಿದ್ದಾಳೆ, ಬರ್ರಿ ಮೇಡಂ, ನಿಮಗೂ ಬಂತೇನು, ನಮಗೆಲ್ಲಾರಿಗೂ ಬಂದದ ನೋಡ್ರಿ, ಸಾಬಣ್ಣ ಮೊಬೈಲು ಅವಳ ಮುಂದೆ ಹಿಡಿಯುತ್ತಾನೆ, ಓದುತ್ತಾಳೆ, ಹೌದ್ರಿ, ನನಗೂ ಇದೇ ಬಂದದ, ಎನ್ನುತ್ತಾಳೆ — ನಿಮಗೆಂದೇ ಬರೆದದ್ದು ಎನ್ನಬೇಕು, ಈಗಲೇ, ಬಾಯ ತುಂಬ ರೊಟ್ಟಿ, ಇನ್ನೂ ಅಗಿಯುತ್ತಿದ್ದೇನೆ — ಮುಚ್ಚಳದ ಮೇಲೆ ಅವಳ ಅಂಗೈ, ಒತ್ತಿ ಮುಚ್ಚುತ್ತಿದೆ, ಒಂದು ಮೂಲೆ, ಇನ್ನೊಂದು ಮೂಲೆ, ಅಂಗೈ, ಮುಚ್ಚಳ, ಅಂಗೈ