ಕೊನೆಯಲ್ಲೊಂದು ಕಹಿ

ನಾನು ಕುಡುಕನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಬೀದಿಯ ಅರ್ಧ ಜನಕ್ಕೆ ಆ ಅನುಮಾನವಿದೆ. ಶನಿವಾರ ಸಂಜೆ ಹಿತ್ತಲ ಕಟ್ಟೆಯ ಮೇಲೆ ಕೂತು ಎರಡು ಬೆರಳಷ್ಟು ಕುಡಿಯುತ್ತಿದ್ದೆ, ಕುಡಿದದ್ದು ಹೇಗಿತ್ತೆಂದು ಬರೆದಿಡುತ್ತಿದ್ದೆ, ಅಷ್ಟೇ. ದಾವಣಗೆರೆಯ ಹತ್ತಿ ಮಿಲ್ಲಿನಲ್ಲಿ ನನ್ನ ಕೆಲಸವೂ ಅಂಥದ್ದೇ. ಬಂದ ಹತ್ತಿಯನ್ನು ಬೆರಳಲ್ಲಿ ಎಳೆದು ನೋಡಿ, ಎಳೆ ಎಷ್ಟುದ್ದ, ಕಸ ಎಷ್ಟು, ತೇವ ಎಷ್ಟು ಎಂದು ಚೀಟಿ ಬರೆಯುವುದು. ಕೈಗೇ ಇಷ್ಟು ಗೊತ್ತಾಗುವಾಗ ನಾಲಿಗೆಗೆ ಎಷ್ಟು ಗೊತ್ತಾದೀತು ಎಂಬ ಕುತೂಹಲ ನನಗೆ.

ಪುಸ್ತಕದಲ್ಲಿ ಹೀಗೆ ಬರೆದಿದ್ದೇನೆ: ‘ಬ್ರಾಂದಿ. ಬಣ್ಣ ಜೇನು. ವಾಸನೆ ಒಣದ್ರಾಕ್ಷಿ, ಅದರ ಹಿಂದೆ ಹೊಸ ಬಾಗಿಲಿನ ಮರ. ಗಂಟಲು ಬೆಚ್ಚಗೆ. ಕೊನೆಯಲ್ಲೊಂದು ಕಹಿ.’ ಇನ್ನೊಂದು ಶನಿವಾರ: ‘ದ್ರಾಕ್ಷಿ ವೈನು. ನೇರಳೆಹಣ್ಣಿನ ಒಗರು. ಸುರಿದಾಗ ಅಂಚಿಗೆ ಸಣ್ಣ ನೊರೆ, ಬಹಳ ಸೊಗಸು. ಕೊನೆಯಲ್ಲೊಂದು ಕಹಿ.’

ಆ ಕಹಿ ನನ್ನ ತಲೆ ತಿನ್ನುತ್ತಿತ್ತು. ಬ್ರಾಂದಿಗೂ ವೈನಿಗೂ ಒಂದೇ ಕಹಿ ಹೇಗೆ? ಅಂಗಡಿಯವರು ಏನೋ ಬೆರೆಸುತ್ತಾರೆಂದು ಮೂರು ಅಂಗಡಿ ಬದಲಿಸಿದೆ. ಒಬ್ಬನ ಜೊತೆ ಜಗಳವನ್ನೂ ಆಡಿದೆ. ಕಹಿ ಮಾತ್ರ ಬಿಡಲಿಲ್ಲ.

ಎಪ್ಪತ್ತೊಂಬತ್ತರ ಯುಗಾದಿಗೆ ನನ್ನ ಹೆಂಡತಿ ಕಮಲಕ್ಕನ ತಮ್ಮ ಬೋರಣ್ಣ ಹರಿಹರದಿಂದ ಬಂದ. ಮಿಲಿಟರಿಯಿಂದ ನಿವೃತ್ತನಾಗಿ ಅಲ್ಲಿ ಕಾರ್ಖಾನೆಯೊಂದರಲ್ಲಿ ವಾಚ್‌ಮನ್ ಆಗಿದ್ದ. ಹರಕೆ ಹೊತ್ತು ಕುಡಿತ ಬಿಟ್ಟವನು, ನನ್ನ ಖುಷಿಗೆಂದೇ ಮಿಲಿಟರಿ ಕ್ಯಾಂಟೀನಿನ ರಮ್ ತಂದಿದ್ದ. ಇದಕ್ಕಿಂತ ಶುದ್ಧವಾದದ್ದು ಎಲ್ಲಿ ಸಿಕ್ಕೀತು? ಅವನನ್ನು ಪಕ್ಕದಲ್ಲೇ ಊಟಕ್ಕೆ ಕೂರಿಸಿಕೊಂಡು, ನನ್ನ ಗ್ಲಾಸಿಗೆ ಸುರಿದು ಒಂದು ಗುಟುಕು ಕುಡಿದೆ. ಆಲೆಮನೆಯ ವಾಸನೆ, ಸುಟ್ಟ ಬೆಲ್ಲ, ಕೊನೆಯಲ್ಲಿ ಅದೇ ಕಹಿ.

“ಇದಕ್ಕ ಏನ್ ಬೆರ್ಸಿದಿ ಬೋರಣ್ಣ?” ಎಂದುಬಿಟ್ಟೆ. ಅವನು ತಮಾಷೆಯೆಂದು ನಕ್ಕ. ನಾನು ಬಿಡಲಿಲ್ಲ. ಅರ್ಧ ಮಾರಿಕೊಂಡು ಅರ್ಧಕ್ಕೆ ಏನೋ ತುಂಬಿದ್ದೀಯ, ನನ್ನ ನಾಲಿಗೆಗೆ ಮೋಸ ಮಾಡೋಕೆ ಆಗಲ್ಲ ಎಂದೆ. ಅವನು ಹೋಳಿಗೆಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದು, ಕೈ ತೊಳೆದು, ಬಸ್ ಹಿಡಿದ.

ಪ್ರತಿ ವರ್ಷ ನಾಗರಪಂಚಮಿಗೆ ಅಕ್ಕನನ್ನು ಕರೆದೊಯ್ಯಲು ಬರುತ್ತಿದ್ದವನು ಆ ಸಲ ಬರಲಿಲ್ಲ. ಕಮಲಕ್ಕ ಅವನಿಗೆಂದು ಕಟ್ಟಿದ ಎಳ್ಳುಂಡೆ ಡಬ್ಬಿಯಲ್ಲೇ ಮುಗ್ಗಿತು. ಅವಳು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ನಾನೂ ಕೂಗಾಡಿ ಹಗುರಾಗುತ್ತಿದ್ದೆ.

ಆ ವಾರವೇ ಮಿಲ್ಲಿನಲ್ಲಿ ಒಂದು ಮೂಟೆ ಒಳ್ಳೆಯ ಹತ್ತಿಗೆ ‘ಎಣ್ಣೆ ಜಿಡ್ಡು, ತಿರಸ್ಕೃತ’ ಎಂದು ಚೀಟಿ ಬರೆದೆ. ನಮ್ಮ ಹಿರಿಯ ಹಿದಾಯತ್ ಸಾಹೇಬರು ಅದೇ ಹತ್ತಿಯನ್ನು ಎಳೆದು ನೋಡಿದರು. ಆಮೇಲೆ ನನ್ನ ಕೈ ಹಿಡಿದು ಬೆರಳು ಮೂಸಿದರು. ಆಗಷ್ಟೇ ಮಂಡಕ್ಕಿ ಮಿರ್ಚಿ ತಿಂದು ಬಂದಿದ್ದೆ.

“ಹತ್ತಿಗ ಬೈಯೋ ಮೊದ್ಲು ಕೈ ನೋಡ್ಕೋಬೇಕು ಉಚ್ಚೆಂಗಪ್ಪ” ಎಂದರು.

ಎಲ್ಲರೂ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ, ತಲೆಯಲ್ಲಿ ಬೇರೆಯೇ ಯೋಚನೆ ಓಡುತ್ತಿತ್ತು. ಮನೆಗೆ ಬಂದವನೇ ಹಿತ್ತಲ ಗೂಡಿನಿಂದ ನನ್ನ ಗ್ಲಾಸು ತೆಗೆದು, ಕೊಡದಿಂದ ಬರೀ ನೀರು ಹಾಕಿದೆ. ಅಂಚಿಗೆ ಸಣ್ಣ ನೊರೆ ಕಟ್ಟಿತು. ಕುಡಿದೆ. ಕಹಿ! ಆಮೇಲೆ ಯುಗಾದಿಯಿಂದ ಮುಟ್ಟದೆ ಇಟ್ಟಿದ್ದ ಬೋರಣ್ಣನ ರಮ್ಮನ್ನು ಅಂಗೈಗೆ ಸುರಿದು ನೆಕ್ಕಿದೆ. ಸುಟ್ಟ ಬೆಲ್ಲ, ಏಲಕ್ಕಿಯ ನೆರಳು, ಮತ್ತೇನೂ ಇಲ್ಲ.

ಕಮಲಕ್ಕನನ್ನು ಕರೆದು ಗ್ಲಾಸು ಹೇಗೆ ತೊಳೆಯುತ್ತೀಯೆಂದು ಕೇಳಿದೆ. ಆ ಗ್ಲಾಸು ಅವಳ ಅಡುಗೆಮನೆಯ ಹೊಸಿಲು ದಾಟುವಂತಿರಲಿಲ್ಲ. ವಾಸನೆ ಸಾಯಲೆಂದು ರಾತ್ರಿಯಿಡೀ ಅಂಟುವಾಳದ ನೀರಿನಲ್ಲಿ ನೆನೆಹಾಕಿ, ನಲ್ಲಿ ನೀರು ದಿನ ಬಿಟ್ಟು ದಿನ ಬರುವುದರಿಂದ, ತೊಳೆಯದೆ ಹಾಗೇ ಒರೆಸಿ ಇಡುತ್ತಿದ್ದಳಂತೆ.

ನನಗೆ ಸಿಟ್ಟು ನೆತ್ತಿಗೇರಿತು. ಹತ್ತು ವರ್ಷದ ಬರಹ ಅಂಟುವಾಳದ ಪಾಲು! ಬಾಯಿ ತೆರೆಯುವಷ್ಟರಲ್ಲಿ ಅವಳು ಕಟ್ಟೆಯ ಮೇಲೆ ಕುಸಿದಳು.

“ಹಂಗಾರ ನನ್ ತಮ್ಮ ಬರದಂಗ ಮಾಡಿದ್ದು ನಾನಾ?” ಎಂದಳು.

ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ನಾಚಿಕೆಯಾಯಿತು, ಬಹಳ ನಾಚಿಕೆಯಾಯಿತು. ಅವಳು ತೊಳೆದದ್ದು ಒಂದು ಗ್ಲಾಸು, ಅವನನ್ನು ಕಳ್ಳನೆಂದವನು ನಾನು. ಅವನಿಗೆ ಈ ವಿಷಯ ಹೇಳಬೇಡಿ ಎಂದು ಅವಳು ಕೇಳಿಕೊಂಡಳು. ಹೇಳುವುದಿಲ್ಲ ಎಂದೆ.

ಭಾನುವಾರ ಬೆಳಗ್ಗೆ ಹರಿಹರದ ಬಸ್ ಹತ್ತಿದೆ. ದಾರಿಯುದ್ದಕ್ಕೂ ಒಂದು ಒಳ್ಳೆಯ ಸುಳ್ಳು ಹುಡುಕಿದೆ, ಹೊಳೆಯಲಿಲ್ಲ. ಬೋರಣ್ಣ ಬಾಗಿಲಲ್ಲೇ ಸೈಕಲ್ ಒರೆಸುತ್ತಿದ್ದ. ಕೂಡ್ರಿ ಅನ್ನಲಿಲ್ಲ. ನಿಂತೇ ಹೇಳಿದೆ, ಜೀವನದಲ್ಲಿ ಯಾರ ಮುಂದೆಯೂ ಹೇಳದ ಮಾತು:

“ನಿನ್ ರಮ್ ಚೊಲೋ ಇತ್ತಪ್ಪ. ನನ್ ನಾಲ್ಗಿಗೇ ರುಚಿ ಗೊತ್ತಾಗಲ್ಲ.”

ಅವನು ಬಟ್ಟೆ ಹಿಂಡುತ್ತಾ ನನ್ನನ್ನು ನೋಡಿದ.

“ಅದು ಮೊದ್ಲಿಂದ ಗೊತ್ತಿತ್ತು ಬಿಡ್ರಿ ಭಾವ. ಅಕ್ಕ ಹೆಂಗದಾಳ?”

ಮೈಯೆಲ್ಲ ಉರಿದುಹೋಯಿತು. ಮೊದಲಿಂದ ಅಂದರೆ ಎಂದಿನಿಂದ ಎಂದು ಕೇಳುವ ಮಾತು ನಾಲಿಗೆ ತುದಿಗೆ ಬಂತು. ನುಂಗಿಕೊಂಡೆ. ನೀನೇ ಬಂದು ನೋಡು, ಹತ್ತೂವರೆ ಬಸ್ಸಿದೆ ಎಂದೆ. ಅವನು ಅಂಗಿ ಹಾಕಿಕೊಳ್ಳಲು ಒಳಗೆ ಹೋದ.